ಕೆಮ್ಮದ ಕೂಸಿನ ನಾಯಿಕೆಮ್ಮು

ನಾಯಿಕೆಮ್ಮು ಹೇಗಿರುತ್ತದೆಂದು ನಮ್ಮ ಹಿರಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ಮಗು ಉಸಿರೆಳೆಯಲೂ ಬಿಡುವಿಲ್ಲದೆ ಒಂದೇ ಸಮನೆ ಹತ್ತು, ಹದಿನೈದು ಸಲ ಕೆಮ್ಮುತ್ತದೆ. ಮುಖ ಕೆಂಪೇರುತ್ತದೆ, ಕಣ್ಣುಗುಡ್ಡೆ ಉಬ್ಬುತ್ತದೆ, ನಾಲಿಗೆ ಹೊರಚಾಚುತ್ತದೆ. ಎದೆಯೊಳಗಿನ ಗಾಳಿ ಪೂರ್ತಿ ಬರಿದಾದ ಮೇಲೆ ‘ಹೂ...ಪ್’ ಎಂದು ಉದ್ದಕ್ಕೆ ಒಂದು ಉಸಿರು ಒಳಗೆ ಹೋಗುತ್ತದೆ. ಆಮೇಲೆ ವಾಂತಿ, ಸುಸ್ತು, ಒಂದಿಷ್ಟು ನಿದ್ದೆ. ಎಚ್ಚರವಾದರೆ ಮತ್ತೆ ಅದೇ ಕೆಮ್ಮು. ಹೀಗೆ ಎರಡು ಮೂರು ತಿಂಗಳು ನಡೆಯುತ್ತದೆ. ಚೀನಾದಲ್ಲಿ ಇದಕ್ಕೆ ನೂರು ದಿನದ ಕೆಮ್ಮು ಎಂದೇ ಹೆಸರು. ಪಕ್ಕದ ಮನೆಯಲ್ಲಿ ಕೂತು ಕೇಳಿಸಿಕೊಂಡವರೂ ರೋಗ ಯಾವುದೆಂದು ಹೇಳಿಬಿಡಬಹುದು, ಅಷ್ಟು ಗುರುತಿನ ಸದ್ದು.

ಆದರೆ ಈ ರೋಗದ ಬಗ್ಗೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಲಸಿಕೆ ಚೆನ್ನಾಗಿ ತಲುಪಿರುವ ದೇಶಗಳಲ್ಲಿ ನಾಯಿಕೆಮ್ಮಿನಿಂದ ಸಾಯುವವರಲ್ಲಿ ಹೆಚ್ಚಿನವರು ಮೂರು ತಿಂಗಳು ತುಂಬದ ಕೂಸುಗಳು. ಆ ಕೂಸುಗಳಲ್ಲಿ ಅನೇಕವು ಹೀಗೆ ಕೆಮ್ಮುವುದೇ ಇಲ್ಲ. ಎರಡು ದಿನ ಮೂಗು ಸೋರುತ್ತದೆ. ಜ್ವರವಿರುವುದಿಲ್ಲ, ಇದ್ದರೂ ತೀರ ಕಡಿಮೆ. ಮಾಮೂಲಿ ಶೀತ ಎಂದುಕೊಳ್ಳುತ್ತಾರೆ. ಆಮೇಲೆ ಕೂಸು ಮೊಲೆ ಹಿಡಿಯುವುದನ್ನು ಬಿಡುತ್ತದೆ. ಒಂದು ಹೊತ್ತಿನಲ್ಲಿ ಸದ್ದಿಲ್ಲದೆ ಉಸಿರು ನಿಂತು ತುಟಿ ನೀಲಿಯಾಗುತ್ತದೆ. ಊರಿಗೆಲ್ಲ ಕೇಳುವಂತೆ ಕೆಮ್ಮುವ ನಾಲ್ಕು ವರ್ಷದ ಅಣ್ಣ ಸಾಮಾನ್ಯವಾಗಿ ಬದುಕಿ ಉಳಿಯುತ್ತಾನೆ. ತೊಟ್ಟಿಲಲ್ಲಿ ಸುಮ್ಮನೆ ಮಲಗಿರುವ ತಂಗಿಗೆ ಅಪಾಯ.

ಇದು ಕೆಮ್ಮಿನ ರೋಗವೇ ಆಗಿದ್ದರೆ ಕೆಮ್ಮದ ಕೂಸು ಸಾಯುವುದು ಯಾವುದರಿಂದ?

ಪ್ಯಾರಿಸ್ಸಿನ ಬೇಸಿಗೆ

1578ರ ಬೇಸಿಗೆಯಲ್ಲಿ ಪ್ಯಾರಿಸ್ಸಿನಲ್ಲಿ ಈ ಕೆಮ್ಮು ಹಬ್ಬಿತು. ಗಿಯೋಮ್ ದ ಬಯೂ ಎಂಬ ವೈದ್ಯ ಅದನ್ನು ಬರೆದಿಟ್ಟ. ನಾಯಿಕೆಮ್ಮಿನ ಹಾವಳಿಯ ಬಗ್ಗೆ ಸ್ಪಷ್ಟವಾಗಿ ಸಿಗುವ ಮೊದಲ ವಿವರಣೆ ಅದೇ. ನಾಲ್ಕು ತಿಂಗಳು, ಹತ್ತು ತಿಂಗಳಿನ ಮಕ್ಕಳು ಗುಂಪುಗುಂಪಾಗಿ ಬಿದ್ದರೆಂದು ಅವನು ಗುರುತಿಸಿದ್ದ. ಎಳೆಯ ಮಕ್ಕಳ ಮೇಲೆ ಈ ರೋಗಕ್ಕೆ ಕಣ್ಣು ಎಂಬುದು ನಾಲ್ಕು ಶತಮಾನಗಳ ಹಿಂದೆಯೇ ತಿಳಿದಿತ್ತು. ಕಾರಣ ಮಾತ್ರ ತಿಳಿದಿರಲಿಲ್ಲ.

ರೋಗಾಣು ಸಿಕ್ಕಿದ್ದು 1906ರಲ್ಲಿ, ಬ್ರಸೆಲ್ಸಿನಲ್ಲಿ. ಜೂಲ್ಸ್ ಬೋರ್ಡೆ ಮತ್ತು ಆಕ್ಟಾವ್ ಜಾಂಗು ಅದನ್ನು ಕಫದಲ್ಲಿ ಆರು ವರ್ಷ ಮೊದಲೇ ಕಂಡಿದ್ದರು. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಅದು ಬೆಳೆಯಲು ಒಪ್ಪಿರಲಿಲ್ಲ. ಆಲೂಗಡ್ಡೆಯ ಸಾರ, ಗ್ಲಿಸರಿನ್, ರಕ್ತ ಬೆರೆಸಿದ ವಿಶೇಷ ಪಾಕ ಮಾಡಿಕೊಟ್ಟ ಮೇಲೆ ಬೆಳೆಯಿತು. ಇಂದು ಅದರ ಹೆಸರು ಬೋರ್ಡೆಟೆಲ್ಲಾ ಪರ್ಟುಸಿಸ್. ಮನುಷ್ಯನ ಉಸಿರುದಾರಿ ಬಿಟ್ಟರೆ ಅದಕ್ಕೆ ಬೇರೆ ನೆಲೆಯಿಲ್ಲ. ಪ್ರಾಣಿಗಳಿಂದ ಬರುವುದಿಲ್ಲ, ನೀರಿನಿಂದ ಬರುವುದಿಲ್ಲ. ಕೆಮ್ಮಿದಾಗ ಹಾರುವ ತುಂತುರಿನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಮನೆಯಲ್ಲಿ ಒಬ್ಬರಿಗೆ ಬಂದರೆ ರಕ್ಷಣೆಯಿಲ್ಲದ ಹತ್ತು ಮಂದಿಯಲ್ಲಿ ಎಂಟೊಂಬತ್ತು ಮಂದಿಗೆ ತಗಲುವಷ್ಟು ವೇಗ ಅದಕ್ಕಿದೆ.

ಹಳೆಯ ಕಾಲದ ರೋಗ ಎಂದು ಪಕ್ಕಕ್ಕಿಡುವ ಹಾಗೂ ಇಲ್ಲ. 2014ರ ಒಂದೇ ವರ್ಷದಲ್ಲಿ ಜಗತ್ತಿನ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 2 ಕೋಟಿ 41 ಲಕ್ಷ ಮಂದಿಗೆ ನಾಯಿಕೆಮ್ಮು ಬಂದು, 1 ಲಕ್ಷ 60 ಸಾವಿರ ಮಕ್ಕಳು ಸತ್ತರೆಂದು ಒಂದು ಅಂದಾಜು ಹೇಳುತ್ತದೆ. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ಹುಟ್ಟುಹಬ್ಬವೂ ಆಗಿರಲಿಲ್ಲ.

ಕೂಸು ಏಕೆ ಕೆಮ್ಮುವುದಿಲ್ಲ?

ನಮ್ಮ ಉಸಿರುದಾರಿಯ ಒಳಮೈ ತುಂಬ ಕಣ್ಣಿಗೆ ಕಾಣದ ಕಿರುರೋಮಗಳಿವೆ. ಅವು ಹಗಲೂ ರಾತ್ರಿ ಒಂದೇ ದಿಕ್ಕಿಗೆ ಬಾಗುತ್ತ ಏಳುತ್ತ, ಧೂಳು ಅಂಟಿದ ಕಫವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಬೋರ್ಡೆಟೆಲ್ಲಾ ಬಂದು ಕೂರುವುದು ಈ ರೋಮಗಳ ಮೇಲೆಯೇ. ಕೂತ ಮೇಲೆ ಅದು ಸುರಿಸುವ ಹಲವು ನಂಜುಗಳಲ್ಲಿ ಒಂದು, ರೋಮವುಳ್ಳ ಜೀವಕೋಶಗಳನ್ನು ಕೊಲ್ಲುತ್ತದೆ. ರೋಮ ಹೋದ ಮೇಲೆ ಕಫವನ್ನು ಮೇಲಕ್ಕೆ ತರಲು ಉಳಿಯುವ ದಾರಿ ಕೆಮ್ಮು ಒಂದೇ. ದೊಡ್ಡ ಮಕ್ಕಳು ಕೆಮ್ಮುತ್ತಾರೆ, ಕೆಮ್ಮಿ ಕೆಮ್ಮಿ ಬಳಲುತ್ತಾರೆ. ಸತ್ತ ಕೋಶಗಳ ಜಾಗದಲ್ಲಿ ಹೊಸವು ಮೂಡಿ ಮತ್ತೆ ರೋಮ ಬೆಳೆಯಲು ವಾರಗಳೇ ಬೇಕು. ರೋಗಾಣು ಸತ್ತ ಎಷ್ಟೋ ದಿನಗಳ ನಂತರವೂ ಕೆಮ್ಮು ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಎಳೆಗೂಸಿನ ಮೈ ಬೇರೆ ರೀತಿ ನಡೆದುಕೊಳ್ಳುತ್ತದೆ. ಬಸಿರಿನಲ್ಲಿದ್ದಾಗ ಅದರ ಶ್ವಾಸಕೋಶದಲ್ಲಿ ಗಾಳಿಯಿರಲಿಲ್ಲ, ದ್ರವವಿತ್ತು. ಅಲ್ಲಿ ಕೆಮ್ಮಿಗೆ ಅರ್ಥವಿಲ್ಲ. ಗಂಟಲಿಗೆ ಬೇಡದ್ದೇನಾದರೂ ತಗುಲಿದರೆ ಧ್ವನಿಪೆಟ್ಟಿಗೆ ಮುಚ್ಚಬೇಕು, ಉಸಿರಾಟದ ಚಲನೆ ನಿಲ್ಲಬೇಕು, ನುಂಗಬೇಕು. ಹುಟ್ಟಿದ ಮೇಲೂ ಕೆಲವು ತಿಂಗಳು ಇದೇ ಪ್ರತಿಕ್ರಿಯೆ ಮುಂದುವರಿಯುತ್ತದೆ. ಗಂಟಲು ಕೆರಳಿದರೆ ಕೂಸಿನ ಮೆದುಳು ‘ಕೆಮ್ಮು’ ಎನ್ನುವುದರ ಬದಲು ‘ಉಸಿರು ಹಿಡಿ’ ಎನ್ನುತ್ತದೆ. ಜೊತೆಗೆ ಎದೆಬಡಿತವೂ ತಗ್ಗುತ್ತದೆ. ಬೆಳೆಯುತ್ತ ಬೆಳೆಯುತ್ತ ಆ ಜಾಗಕ್ಕೆ ಕೆಮ್ಮು ಬರುತ್ತದೆ. ಇದರ ಮೇಲೆ ಇನ್ನೊಂದು ತೊಡಕಿದೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ನೀವೂ ನಾನೂ ಜೋರಾಗಿ ಉಸಿರಾಡುತ್ತೇವೆ, ಆಡುತ್ತಲೇ ಇರುತ್ತೇವೆ. ನವಜಾತ ಶಿಶು ಒಂದೆರಡು ನಿಮಿಷ ಜೋರಾಗಿ ಉಸಿರಾಡಿ, ಆಮೇಲೆ ಉಸಿರನ್ನು ತಗ್ಗಿಸಿಬಿಡುತ್ತದೆ.

ಹೀಗೆ ಆಗುವ ಉಸಿರುನಿಲುಗಡೆಯನ್ನು ವೈದ್ಯರು ಆಪ್ನಿಯಾ ಎನ್ನುತ್ತಾರೆ. ಎಷ್ಟೋ ಕೂಸುಗಳಲ್ಲಿ ನಾಯಿಕೆಮ್ಮಿನ ಮೊದಲ ಗುರುತು ಇದೇ. ಇನ್ನು ಆ ‘ಹೂಪ್’ ಸದ್ದು ಬರಬೇಕಾದರೆ ಕಿರಿದಾದ ಗಂಟಲಿನ ಮೂಲಕ ಗಾಳಿಯನ್ನು ರಭಸದಿಂದ ಎಳೆಯುವ ಕಸುವು ಬೇಕು. ನಾಲ್ಕು ಕಿಲೋ ತೂಗದ ಕೂಸಿಗೆ ಆ ಕಸುವಿಲ್ಲ.

ಒಗಟಿನ ಅರ್ಧ ಬಿಡಿಸಿದಂತಾಯಿತು. ಆದರೂ ಉಸಿರುನಿಲುಗಡೆಯೊಂದೇ ಸಾವಿಗೆ ಕಾರಣವಾಗಿದ್ದರೆ ಆಸ್ಪತ್ರೆಗೆ ತಲುಪಿದ ಕೂಸುಗಳೆಲ್ಲ ಬದುಕಬೇಕಿತ್ತು. ವೆಂಟಿಲೇಟರ್ ಇದೆ, ಆಮ್ಲಜನಕವಿದೆ, ಅಜಿತ್ರೋಮೈಸಿನ್‌ನಂಥ ಔಷಧಿ ಇದೆ. ಎಲ್ಲವನ್ನೂ ಕೊಟ್ಟರೂ ಕೆಲವು ಕೂಸುಗಳು ಕೈತಪ್ಪಿಹೋಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2010ರಲ್ಲಿ 9 ಸಾವಿರಕ್ಕೂ ಹೆಚ್ಚು ಮಂದಿಗೆ ನಾಯಿಕೆಮ್ಮು ಬಂದಾಗ 10 ಶಿಶುಗಳು ಸತ್ತವು. ಅಲ್ಲಿ ತೀವ್ರ ನಿಗಾ ಘಟಕಗಳಿಗೆ ಕೊರತೆಯಿರಲಿಲ್ಲ.

ರಕ್ತದ ವರದಿಯಲ್ಲಿ ಒಂದು ವಿಚಿತ್ರ

ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಸಾದಾ ರಕ್ತಪರೀಕ್ಷೆಯಲ್ಲಿ ಬಿಳಿಯ ಕಣಗಳ ಎಣಿಕೆ ಇರುತ್ತದೆ. ದೊಡ್ಡವರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ 4 ಸಾವಿರದಿಂದ 11 ಸಾವಿರ ಇದ್ದರೆ ಸರಿ. ಎಳೆಗೂಸಿನಲ್ಲಿ 20 ಸಾವಿರದ ಹತ್ತಿರ ಹೋದರೂ ಆತಂಕವಿಲ್ಲ. ನಾಯಿಕೆಮ್ಮು ಜೋರಾದ ಕೂಸಿನಲ್ಲಿ ಅದು 50 ಸಾವಿರ, 70 ಸಾವಿರ, ಕೆಲವೊಮ್ಮೆ ಲಕ್ಷ ದಾಟುತ್ತದೆ. ಬೇರೆ ವಿವರ ತಿಳಿಯದೆ ಆ ವರದಿಯೊಂದನ್ನೇ ನೋಡಿದ ವೈದ್ಯರು ರಕ್ತದ ಕ್ಯಾನ್ಸರನ್ನು ಶಂಕಿಸಿದರೆ ಆಶ್ಚರ್ಯವಿಲ್ಲ.

ಏರುವ ಕಣಗಳ ಜಾತಿಯೂ ವಿಚಿತ್ರ. ಬ್ಯಾಕ್ಟೀರಿಯಾ ಸೋಂಕಾದರೆ ಸಾಮಾನ್ಯವಾಗಿ ಮೊದಲು ಮುನ್ನುಗ್ಗುವ ನ್ಯೂಟ್ರೋಫಿಲ್ ಕಣಗಳು ಹೆಚ್ಚಬೇಕು. ನಾಯಿಕೆಮ್ಮಿನಲ್ಲಿ ವಿಶೇಷವಾಗಿ ಹೆಚ್ಚುವುದು ಲಿಂಫೋಸೈಟ್‌ಗಳು. ವೈದ್ಯರು ಇದನ್ನು 19ನೇ ಶತಮಾನದ ಕೊನೆಯಲ್ಲೇ ಗಮನಿಸಿದ್ದರು. ಸೋಂಕಿನ ವಿರುದ್ಧ ಹೋರಾಡಲು ಮೈ ಹೆಚ್ಚು ಕಣಗಳನ್ನು ಹುಟ್ಟಿಸುತ್ತಿದೆ ಎಂದುಕೊಳ್ಳುವುದು ಸಹಜ. ಇಲ್ಲಿ ನಿಜವಾಗಿ ನಡೆಯುತ್ತಿರುವುದು ಬೇರೆ.

ಇಳಿಯಲಾರದ ಪ್ರಯಾಣಿಕರು

ಮೆಜೆಸ್ಟಿಕ್‌ನಿಂದ ಬೆಳಿಗ್ಗೆ ಹೊರಟ ಒಂದು ಸಿಟಿ ಬಸ್ಸನ್ನು ನೆನೆಸಿಕೊಳ್ಳಿ. ಪ್ರತಿ ಸ್ಟಾಪಿನಲ್ಲಿ ಹತ್ತು ಮಂದಿ ಹತ್ತುತ್ತಾರೆ, ಹೆಚ್ಚುಕಡಿಮೆ ಹತ್ತು ಮಂದಿ ಇಳಿಯುತ್ತಾರೆ. ಬಸ್ಸಿನೊಳಗಿನ ಸಂಖ್ಯೆ ಒಂದು ಹದದಲ್ಲಿ ಉಳಿಯುತ್ತದೆ. ಲಿಂಫೋಸೈಟ್‌ಗಳ ಬಾಳು ಹೀಗೆಯೇ. ಅವು ರಕ್ತದಲ್ಲಿ ನೆಲೆಸುವುದಿಲ್ಲ, ರಕ್ತದಲ್ಲಿ ಪ್ರಯಾಣ ಮಾಡುತ್ತವೆ. ಕುತ್ತಿಗೆ, ಕಂಕುಳು, ಹೊಟ್ಟೆಯಲ್ಲಿರುವ ದುಗ್ಧಗ್ರಂಥಿಗಳಲ್ಲಿ ಇಳಿಯುತ್ತವೆ. ಅಲ್ಲಿ ಯಾವುದಾದರೂ ಶತ್ರು ಬಂದಿದೆಯೇ ಎಂದು ನೋಡಿ, ದುಗ್ಧನಾಳದ ಮೂಲಕ ಮತ್ತೆ ರಕ್ತಕ್ಕೆ ಹತ್ತುತ್ತವೆ.

ಎಲ್ಲಿ ಇಳಿಯಬೇಕೆಂದು ಅವಕ್ಕೆ ತಿಳಿಯುವುದು ಹೇಗೆ? ಇಳಿಯಬೇಕಾದ ಜಾಗದ ರಕ್ತನಾಳದ ಗೋಡೆ ಕೆಲವು ರಾಸಾಯನಿಕಗಳನ್ನು ತೋರಿಸುತ್ತದೆ. ಇವು ಕೀಮೊಕೈನ್‌ಗಳು. ಸ್ಟಾಪ್ ಬಂತೆಂದು ಕಂಡಕ್ಟರ್ ಕೂಗುವ ಕೂಗು ಇದು. ಕಣದ ಹೊರಮೈಯಲ್ಲಿರುವ ಗ್ರಾಹಕ ಆ ಕೂಗನ್ನು ಹಿಡಿಯುತ್ತದೆ, ಒಳಗಿರುವ ಜಿ-ಪ್ರೋಟೀನ್ ಎಂಬ ಅಣುವಿಗೆ ದಾಟಿಸುತ್ತದೆ. ಆ ಅಣು ಎಚ್ಚೆತ್ತರೆ ಕಣ ಗೋಡೆಗೆ ಅಂಟಿ, ನುಸುಳಿ, ಹೊರಗೆ ಹೋಗುತ್ತದೆ.

ಬೋರ್ಡೆಟೆಲ್ಲಾದ ಮುಖ್ಯ ನಂಜು, ಪರ್ಟುಸಿಸ್ ಟಾಕ್ಸಿನ್, ಕೈ ಹಾಕುವುದು ಸರಿಯಾಗಿ ಇಲ್ಲಿಗೆ. ಆರು ತುಂಡುಗಳು ಕೂಡಿ ಆದ ಪ್ರೋಟೀನ್ ಇದು. ಐದು ತುಂಡುಗಳು ಜೀವಕೋಶದ ಹೊರಮೈಗೆ ಅಂಟಿಕೊಳ್ಳುತ್ತವೆ. ಆರನೆಯದು ಒಳಹೊಕ್ಕು ಜಿ-ಪ್ರೋಟೀನಿಗೆ ಒಂದು ರಾಸಾಯನಿಕ ತುಣುಕನ್ನು ಅಂಟಿಸಿಬಿಡುತ್ತದೆ. ಅಲ್ಲಿಗೆ ಆ ಅಣು ಕೆಲಸಕ್ಕೆ ಬಾರದು. ಹೊರಗೆ ಕಂಡಕ್ಟರ್ ಕೂಗುತ್ತಲೇ ಇದ್ದಾನೆ; ಪ್ರಯಾಣಿಕರಿಗೆ ಕಿವಿ ಕೇಳಿಸುತ್ತಿಲ್ಲ. ಪ್ರತಿ ಸ್ಟಾಪಿನಲ್ಲಿ ಹತ್ತುವವರು ಹತ್ತುತ್ತಲೇ ಇದ್ದಾರೆ, ಇಳಿಯುವವರು ಮಾತ್ರ ಯಾರೂ ಇಲ್ಲ. ಬಸ್ಸು ತುಂಬುತ್ತದೆ, ಮೆಟ್ಟಿಲ ಮೇಲೆ ಜೋತುಬೀಳುವಷ್ಟು ತುಂಬುತ್ತದೆ.

ರೋಗಾಣುವಿಗೆ ಇದರಿಂದ ಲಾಭವಿದೆ. ತನ್ನನ್ನು ಹುಡುಕಿ ಬರಬೇಕಾದ ಕಣಗಳು ರಕ್ತದಲ್ಲೇ ಸಿಕ್ಕಿಬಿದ್ದಿದ್ದರೆ ಉಸಿರುದಾರಿಯಲ್ಲಿ ಅದಕ್ಕೆ ಕೆಲವು ದಿನಗಳ ನಿರಾಳ ಸಿಗುತ್ತದೆ. ಆ ದಿನಗಳಲ್ಲಿ ಅದು ಬೆಳೆದು ಇನ್ನೊಬ್ಬರಿಗೆ ಹಾರುತ್ತದೆ. ನಂಜು ಮಾತ್ರ ಉಸಿರುದಾರಿಯಿಂದ ರಕ್ತಕ್ಕೆ ಸೇರಿ ಮೈಯೆಲ್ಲ ಹರಡುತ್ತದೆ. ರೋಗಾಣು ರಕ್ತಕ್ಕೆ ಇಳಿಯುವುದೇ ಇಲ್ಲ ಎನ್ನಬಹುದು. ನಾಯಿಕೆಮ್ಮನ್ನು ಗಂಟಲ ರೋಗ ಎಂದಷ್ಟೇ ಎಣಿಸಿದವರಿಗೆ ಈ ಮಾತು ಹೊಸದೆನಿಸಬಹುದು. ಕೂಸನ್ನು ಕಾಪಾಡುವ ದಾರಿ ಹೊಳೆಯುವುದು ಮಾತ್ರ ಇದರಿಂದಲೇ.

ಶ್ವಾಸಕೋಶದ ಸಣ್ಣ ದಾರಿಗಳಲ್ಲಿ

ಹೆಚ್ಚಾದ ಬಿಳಿಯ ಕಣಗಳಿಂದ ಏನು ತೊಂದರೆ? ಕೆಂಪು ಕಣ ತನಗಿಂತ ಕಿರಿದಾದ ನಾಳದಲ್ಲೂ ಮಡಚಿಕೊಂಡು ನುಸುಳಬಲ್ಲದು. ಬಿಳಿಯ ಕಣ ಅದಕ್ಕಿಂತ ದೊಡ್ಡದು, ಬಿಗಿಯಾದದ್ದು. ಲಕ್ಷಗಟ್ಟಲೆ ಬಿಳಿಯ ಕಣಗಳು ತುಂಬಿದ ರಕ್ತ ಮಂದವಾಗುತ್ತದೆ. ಹೃದಯದಿಂದ ಹೊರಟು ಶ್ವಾಸಕೋಶದೊಳಗೆ ಸಣ್ಣಸಣ್ಣಗೆ ಕವಲೊಡೆಯುವ ರಕ್ತನಾಳಗಳಲ್ಲಿ ಅದು ಸರಾಗವಾಗಿ ಹರಿಯಲಾರದು.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ತಜ್ಞರ ತಂಡವೊಂದು ನಾಯಿಕೆಮ್ಮಿನಿಂದ ತೀರಿಕೊಂಡ ಶಿಶುಗಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 2008ರಲ್ಲಿ ವರದಿ ಮಾಡಿತು. ಸಣ್ಣ ರಕ್ತನಾಳಗಳಲ್ಲಿ ಬಿಳಿಯ ಕಣಗಳು ಗುಂಪುಗಟ್ಟಿ ನಿಂತಿದ್ದವು. ಆ ದಾರಿ ಕಟ್ಟಿದರೆ ಶ್ವಾಸಕೋಶಕ್ಕೆ ರಕ್ತ ತಳ್ಳುವ ಹೃದಯದ ಬಲಭಾಗಕ್ಕೆ ಒತ್ತಡ ಏರುತ್ತದೆ. ಕಟ್ಟಿದ ದಾರಿಯ ಆಚೆ ಗಾಳಿ ಇದ್ದರೂ ಅದನ್ನು ಎತ್ತಿಕೊಳ್ಳಲು ರಕ್ತವಿಲ್ಲ. ಆಮ್ಲಜನಕ ಇಳಿದಂತೆ ಶ್ವಾಸಕೋಶದ ರಕ್ತನಾಳಗಳು ಇನ್ನಷ್ಟು ಬಿಗಿಯುತ್ತವೆ; ಬಿಗಿದಂತೆ ಆಮ್ಲಜನಕ ಇನ್ನಷ್ಟು ಇಳಿಯುತ್ತದೆ. ಈ ಸುಳಿಗೆ ಬಿದ್ದ ಕೂಸಿನ ಹೃದಯ ಒಂದೆರಡು ದಿನದಲ್ಲೇ ಸೋಲಬಹುದು. ವೆಂಟಿಲೇಟರಿನಿಂದ ಗಾಳಿ ತುಂಬಿದರೂ ಪ್ರಯೋಜನ ಕಡಿಮೆ ಏಕೆಂಬುದು ಈಗ ತಿಳಿಯಿತು: ಕೊರತೆ ಗಾಳಿಯದಲ್ಲ, ದಾರಿಯದು.

ಎಳೆಗೂಸೇ ಏಕೆ? ಬಸಿರಿನಲ್ಲಿ ಶ್ವಾಸಕೋಶಕ್ಕೆ ಕೆಲಸವಿಲ್ಲದ್ದರಿಂದ ಅಲ್ಲಿನ ರಕ್ತನಾಳಗಳ ಗೋಡೆ ದಪ್ಪ, ಒಳದಾರಿ ಕಿರಿದು. ಹುಟ್ಟಿದ ಮೇಲೆ ವಾರಗಳುದ್ದಕ್ಕೂ ಅವು ನಿಧಾನವಾಗಿ ಸಡಿಲಗೊಳ್ಳುತ್ತವೆ. ಒಂದು ತಿಂಗಳ ಕೂಸಿನಲ್ಲಿ ಆ ಕೆಲಸ ಇನ್ನೂ ಮುಗಿದಿರುವುದಿಲ್ಲ. ನಾಲ್ಕು ವರ್ಷದ ಅಣ್ಣನ ರಕ್ತದಲ್ಲೂ ಲಿಂಫೋಸೈಟ್ ಹೆಚ್ಚುತ್ತವೆ, ಅವನ ಅಗಲವಾದ ನಾಳಗಳು ಅದನ್ನು ತಾಳಿಕೊಳ್ಳುತ್ತವೆ.

ಇಷ್ಟು ಹೊತ್ತಿಗೆ ಔಷಧಿ ರೋಗಾಣುವನ್ನು ಕೊಂದರೂ ಈಗಾಗಲೇ ಕಣಗಳೊಳಗೆ ಹೊಕ್ಕ ನಂಜನ್ನು ಹೊರತೆಗೆಯಲಾರದು. ಅದಕ್ಕೇ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಬಿಳಿಯ ಕಣ ವೇಗವಾಗಿ ಏರುತ್ತಿರುವ ಕೂಸಿನ ರಕ್ತವನ್ನು ಸ್ವಲ್ಪಸ್ವಲ್ಪವಾಗಿ ತೆಗೆದು ಬೇರೆ ರಕ್ತ ತುಂಬುತ್ತಾರೆ. ಹೃದಯ ಸೋಲುವ ಮೊದಲೇ ಮಾಡಿದರೆ ಫಲ ಕಾಣುತ್ತದೆ, ತಡವಾದರೆ ಇಲ್ಲ. ಶಂಕಿತ ಕೂಸಿನಲ್ಲಿ ಬಿಳಿಯ ಕಣಗಳನ್ನು ಒಮ್ಮೆ ಎಣಿಸಿ ಬಿಡದೆ ಮತ್ತೆ ಮತ್ತೆ ಎಣಿಸಬೇಕೆನ್ನುವುದು ಇದಕ್ಕಾಗಿ.

ನಂಜೇ ಮುಖ್ಯ ಎಂಬುದಕ್ಕೆ ಸಾಕ್ಷಿ

ನಿಸರ್ಗವೇ ಇದನ್ನು ಪರೀಕ್ಷಿಸಿ ಕೊಟ್ಟಿದೆ. ಬೋರ್ಡೆಟೆಲ್ಲಾ ಪ್ಯಾರಾಪರ್ಟುಸಿಸ್ ಎಂಬ ಹತ್ತಿರದ ಸಂಬಂಧಿಯೊಂದಿದೆ. ಅದೂ ಉಸಿರುದಾರಿಯಲ್ಲಿ ಕೂರುತ್ತದೆ, ಅದರಿಂದಲೂ ದೀರ್ಘ ಕೆಮ್ಮು ಬರುತ್ತದೆ. ಪರ್ಟುಸಿಸ್ ಟಾಕ್ಸಿನ್ ತಯಾರಿಸುವ ಜೀನ್ ಅದರಲ್ಲೂ ಇದೆ, ಆದರೆ ಕೆಲಸ ಮಾಡುವುದಿಲ್ಲ. ಆ ಸೋಂಕಿನಲ್ಲಿ ಬಿಳಿಯ ಕಣಗಳು ಹೀಗೆ ಏರುವುದಿಲ್ಲ. ರೋಗವೂ ಒಟ್ಟಿನಲ್ಲಿ ಸೌಮ್ಯ. ಕೆಮ್ಮು ಬೇರೆ, ಕೂಸನ್ನು ಕೊಲ್ಲುವ ಸಂಗತಿ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಇನ್ನೊಂದು ಸಾಕ್ಷಿ ಡೆನ್ಮಾರ್ಕಿನದು. ಬೇರೆ ದೇಶಗಳ ನಾಯಿಕೆಮ್ಮಿನ ಲಸಿಕೆಯಲ್ಲಿ ರೋಗಾಣುವಿನ ಹಲವು ಭಾಗಗಳಿದ್ದರೆ, 1997ರಿಂದ ಅಲ್ಲಿ ಬಳಸಿದ್ದು ಈ ಒಂದು ನಂಜನ್ನು ನಿರ್ವಿಷಗೊಳಿಸಿ ಮಾಡಿದ ಲಸಿಕೆ. ಅದೊಂದರಿಂದಲೇ ಅಲ್ಲಿನ ಮಕ್ಕಳಿಗೆ ಒಳ್ಳೆಯ ರಕ್ಷಣೆ ಸಿಕ್ಕಿತು.

ಕೆಮ್ಮು ಮನೆಯೊಳಗೆ ಬರುವ ದಾರಿ

ಅಮೆರಿಕದ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರಾಪಿಡ್ಸ್ ಎಂಬ ಊರಿನಲ್ಲಿ 1930ರ ದಶಕದಲ್ಲಿ ಇಬ್ಬರು ಹೆಂಗಸರು ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು: ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್. ಬಾಲ್ಯದಲ್ಲಿ ಇಬ್ಬರಿಗೂ ನಾಯಿಕೆಮ್ಮು ಬಂದಿತ್ತು. ಹಗಲಿನ ನೌಕರಿ ಮುಗಿಸಿ ಸಂಜೆ ಬಡವರ ಕೇರಿಗಳಲ್ಲಿ ಮನೆಮನೆ ತಿರುಗುತ್ತಿದ್ದರು. ರೋಗಾಣು ಬೆಳೆಯುವ ಪಾಕ ಹಾಕಿದ ತಟ್ಟೆಯನ್ನು ಮಗುವಿನ ಬಾಯೆದುರು ಹಿಡಿದು ಕೆಮ್ಮಿಸಿ ಮಾದರಿ ತರುತ್ತಿದ್ದರು. ಆರ್ಥಿಕ ಕುಸಿತದ ಕಾಲ, ಹಣವಿಲ್ಲ, ಜನವಿಲ್ಲ. ಅವರು ಕೊಂದ ರೋಗಾಣುವಿನಿಂದ ಮಾಡಿದ ಲಸಿಕೆ 1934ರಿಂದ ನಡೆದ ಎಚ್ಚರದ ಪರೀಕ್ಷೆಯಲ್ಲಿ ಗೆದ್ದಿತು. ಮುಂದೆ ಅದೇ ಗಂಟಲುಮಾರಿ ಮತ್ತು ಧನುರ್ವಾಯು ಲಸಿಕೆಗಳ ಜೊತೆ ಕೂಡಿ ನಮಗೆಲ್ಲ ಪರಿಚಯವಿರುವ ಡಿಪಿಟಿ ಆಯಿತು. ಇಷ್ಟು ಮಕ್ಕಳ ಜೀವ ಉಳಿಸಿದ ಇವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಜೆನ್ನರ್, ಪಾಶ್ಚರ್ ಹೆಸರಿನ ಪಕ್ಕದಲ್ಲಿ ಇರಬೇಕಿತ್ತು ಎಂದು ನನಗೆ ಸದಾ ಅನಿಸುತ್ತದೆ.

ಲಸಿಕೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಜಪಾನ್ ಸಾಕು. 1974ರಲ್ಲಿ ಅಲ್ಲಿ ಸುಮಾರು 400 ಮಂದಿಗೆ ನಾಯಿಕೆಮ್ಮು ಬಂದಿತ್ತು, ಸಾವು ಒಂದೂ ಇಲ್ಲ. ಲಸಿಕೆ ಪಡೆದ ಎರಡು ಶಿಶುಗಳು ಸತ್ತವೆಂಬ ಸುದ್ದಿಯ ಹಿಂದೆಯೇ ಜನ ಹೆದರಿ ಹಿಂದೆ ಸರಿದರು. 1979ರಲ್ಲಿ 13 ಸಾವಿರ ಪ್ರಕರಣ, 41 ಸಾವು. ಯೂಜಿ ಸಾಟೊ ಎಂಬ ವಿಜ್ಞಾನಿ ರೋಗಾಣುವಿನ ಕೆಲವೇ ಭಾಗಗಳನ್ನು ಬಳಸಿ, ಜ್ವರ ಕಡಿಮೆ ತರುವ ಹೊಸ ಲಸಿಕೆ ರೂಪಿಸಿದ ಮೇಲೆ ಅಲ್ಲಿ ಪರಿಸ್ಥಿತಿ ಸುಧಾರಿಸಿತು.

ಆದರೆ ಯಾವ ಲಸಿಕೆಯೇ ಆಗಲಿ, ಸ್ವತಃ ರೋಗವೇ ಬಂದು ಹೋಗಲಿ, ನಾಯಿಕೆಮ್ಮಿನ ವಿರುದ್ಧ ಬರುವ ರಕ್ಷಣೆ ಜೀವನಪೂರ್ತಿ ಇರುವುದಿಲ್ಲ. ಕೆಲವು ವರ್ಷಗಳಲ್ಲಿ ಕರಗುತ್ತದೆ. ಸಾಟೊ ಮಾದರಿಯ ಹೊಸ ಲಸಿಕೆಗಳದ್ದು ಇನ್ನೂ ಬೇಗ. ದೊಡ್ಡವರಿಗೆ ಮತ್ತೆ ತಗುಲಿದಾಗ ಎಷ್ಟೋ ಸಲ ಹೂಪ್ ಇಲ್ಲ, ವಾಂತಿಯಿಲ್ಲ. ಮೂರು ವಾರ ಬಿಡದ ಒಣಕೆಮ್ಮು ಅಷ್ಟೆ. ಧೂಳಿನ ಕೆಮ್ಮು, ಹವೆ ಬದಲಾದ ಕೆಮ್ಮು ಎಂದುಕೊಂಡು ಓಡಾಡಿಕೊಂಡಿರುತ್ತಾರೆ. ತೊಟ್ಟಿಲು ಶಾಸ್ತ್ರಕ್ಕೆ ಬರುತ್ತಾರೆ, ಕೂಸನ್ನು ಎತ್ತಿ ಮುದ್ದಾಡುತ್ತಾರೆ. ಎಳೆಗೂಸಿಗೆ ನಾಯಿಕೆಮ್ಮು ಹತ್ತುವುದು ಬಹುಪಾಲು ಮನೆಯವರಿಂದಲೇ. ಅಣ್ಣ ಅಕ್ಕಂದಿರಿಂದ, ತಂದೆಯಿಂದ, ಎಷ್ಟೋ ಸಲ ಹೆತ್ತ ತಾಯಿಯಿಂದ.

ಹುಟ್ಟುವ ಮೊದಲೇ ಕೊಡಬೇಕಾದದ್ದು

ದಡಾರ ಸಾಮಾನ್ಯವಾಗಿ ಎರಡು ತಿಂಗಳ ಕೂಸಿಗೆ ಬರುವುದಿಲ್ಲ. ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಮಾಸು ದಾಟಿ ಕೂಸಿಗೆ ಸೇರುತ್ತವೆ, ತಿಂಗಳುಗಟ್ಟಲೆ ಕಾಯುತ್ತವೆ. ನಾಯಿಕೆಮ್ಮಿಗೂ ಇದೇ ದಾರಿ ತೆರೆದಿದೆ. ಆದರೆ ಬಾಲ್ಯದಲ್ಲಿ ಪಡೆದ ರಕ್ಷಣೆ ಇಪ್ಪತ್ತೈದು ವರ್ಷದ ತಾಯಿಯಲ್ಲಿ ಕರಗಿಹೋಗಿರುತ್ತದೆ. ಅವಳಲ್ಲೇ ಇಲ್ಲದ್ದನ್ನು ಅವಳು ಕೊಡುವುದು ಹೇಗೆ? ಕೂಸಿನ ಸ್ವಂತ ಲಸಿಕೆ ಶುರುವಾಗುವುದು ಆರನೇ ವಾರಕ್ಕೆ, ಗಟ್ಟಿ ರಕ್ಷಣೆ ಬರಲು ಮತ್ತೆರಡು ಚುಚ್ಚುಮದ್ದು ಬೇಕು. ಸಾವು ಹೆಚ್ಚು ಸಂಭವಿಸುವ ವಾರಗಳಲ್ಲೇ ಕೂಸು ಬರಿಗೈಯಲ್ಲಿರುತ್ತದೆ.

ಹಾಗಾದರೆ ತಾಯಿಗೆ ಬಸಿರಿನಲ್ಲೇ ಲಸಿಕೆ ಕೊಟ್ಟರೆ? ಕೊಟ್ಟ ಎರಡು ವಾರದಲ್ಲಿ ಅವಳ ಪ್ರತಿಕಾಯಗಳು ಉತ್ತುಂಗಕ್ಕೇರುತ್ತವೆ. ಮಾಸು ಅವನ್ನು ಆರಿಸಿ ಎತ್ತಿ ಕೂಸಿಗೆ ದಾಟಿಸುತ್ತದೆ. ಹುಟ್ಟಿದ ಕೂಸಿನ ರಕ್ತದಲ್ಲಿ ಅವು ತಾಯಿಗಿಂತ ಹೆಚ್ಚಾಗಿರುವುದೂ ಉಂಟು. ಐದಾರು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತ ಹೋದರೂ ಗಂಡಾಂತರದ ತಿಂಗಳುಗಳನ್ನು ದಾಟಿಸಲು ಅಷ್ಟು ಸಾಕು. ಆ ಪ್ರತಿಕಾಯಗಳು ರೋಗಾಣುವನ್ನು ಗಂಟಲಿನಿಂದ ಓಡಿಸದೇ ಇರಬಹುದು. ಆದರೆ ರಕ್ತಕ್ಕಿಳಿದ ನಂಜು ಕಣದೊಳಗೆ ಹೊಗುವ ಮೊದಲೇ ಅದನ್ನು ಹಿಡಿದುಬಿಡುತ್ತವೆ. ಬಿಳಿಯ ಕಣಗಳಿಗೆ ಕಿವಿ ಕೇಳಿಸುತ್ತಲೇ ಇರುತ್ತದೆ, ಇಳಿಯಬೇಕಾದಲ್ಲಿ ಇಳಿಯುತ್ತವೆ.

ಬ್ರಿಟನ್ನಿನಲ್ಲಿ 2012ರ ಹಾವಳಿಯಲ್ಲಿ 14 ಎಳೆಗೂಸುಗಳು ಸತ್ತವು. ಆ ಅಕ್ಟೋಬರಿನಿಂದಲೇ ಬಸುರಿಯರಿಗೆಲ್ಲ ಈ ಲಸಿಕೆ ಕೊಡಲು ಅಲ್ಲಿನ ಸರ್ಕಾರ ಶುರುಮಾಡಿತು. ಲಸಿಕೆ ಪಡೆದ ತಾಯಂದಿರ ಕೂಸುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ರೋಗ ತಪ್ಪಿತು. ತಾಯಿಯ ಪ್ರತಿಕಾಯಗಳಿರುವಾಗ ಕೂಸಿನ ಸ್ವಂತ ಲಸಿಕೆಯ ಪರಿಣಾಮ ಕೊಂಚ ತಗ್ಗುವುದನ್ನು ಸಂಶೋಧಕರು ಕಂಡಿದ್ದಾರೆ. ಮೊದಲ ಮೂರು ತಿಂಗಳು ಜೀವ ಉಳಿಯುವುದರ ಎದುರು ಅದು ಸಣ್ಣ ಬೆಲೆ ಎಂದು ನಾನು ತಿಳಿಯುತ್ತೇನೆ. ಕಾಲಕ್ರಮದಲ್ಲಿ ಅಲ್ಲಿ ಲಸಿಕೆ ಪಡೆಯುವ ಬಸುರಿಯರ ಪ್ರಮಾಣ ಶೇ 70ರಿಂದ ಶೇ 60ಕ್ಕೂ ಕೆಳಗಿಳಿಯಿತು. 2024ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಹಾವಳಿ: 14 ಸಾವಿರಕ್ಕೂ ಹೆಚ್ಚು ಪ್ರಕರಣ, 11 ಶಿಶುಗಳ ಸಾವು.

ನಮ್ಮಲ್ಲಿ

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರಿಗೆ ಕೊಡುವ ಚುಚ್ಚುಮದ್ದು ಮೊದಲು ಧನುರ್ವಾಯುವಿನದ್ದಷ್ಟೇ ಆಗಿತ್ತು. ಈಗ ಅದರ ಜಾಗದಲ್ಲಿ ಟಿಡಿ ಬಂದಿದೆ. ಧನುರ್ವಾಯುವಿನ ಜೊತೆ ಗಂಟಲುಮಾರಿಗೂ ರಕ್ಷಣೆ. ನಾಯಿಕೆಮ್ಮಿನ ಭಾಗ ಅದರಲ್ಲಿಲ್ಲ. ಮೂರೂ ಇರುವ ಲಸಿಕೆಯ ಹೆಸರು ಟಿಡ್ಯಾಪ್. ಭಾರತದ ಮಕ್ಕಳ ತಜ್ಞರ ಸಂಘ ಐಎಪಿ, ಪ್ರಸೂತಿ ತಜ್ಞರ ಒಕ್ಕೂಟ ಫಾಗ್ಸಿ ಎರಡೂ ಇದನ್ನು ಬಸಿರಿನ 27ರಿಂದ 36ನೇ ವಾರದೊಳಗೆ, ಪ್ರತಿ ಬಸಿರಿನಲ್ಲೂ ತೆಗೆದುಕೊಳ್ಳಲು ಶಿಫಾರಸು ಮಾಡುತ್ತವೆ. ಪ್ರತಿ ಬಸಿರಿನಲ್ಲೂ ಏಕೆಂದರೆ ಹಿಂದಿನ ಸಲ ಹುಟ್ಟಿದ ಪ್ರತಿಕಾಯಗಳು ಮುಂದಿನ ಕೂಸಿನವರೆಗೆ ಉಳಿಯುವುದಿಲ್ಲ. ಖಾಸಗಿಯಾಗಿ ಸಿಗುತ್ತದೆ, ಬೆಲೆ ಸಾವಿರ ರೂಪಾಯಿ ಮೀರುತ್ತದೆ. ದಿನಗೂಲಿಯ ಮನೆಯ ಬಸುರಿಗೆ ಅದು ಎಟುಕುವುದಿಲ್ಲ. ಅವಳ ಕೂಸಿಗೇ ಇದರ ಅಗತ್ಯ ಹೆಚ್ಚು. ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಮಲಗುವ ಮನೆ ಅದು. ಸರ್ಕಾರ ಟಿಡಿಯ ಜಾಗದಲ್ಲಿ ಬಸುರಿಯರಿಗೆ ಟಿಡ್ಯಾಪನ್ನೇ ಉಚಿತವಾಗಿ ಕೊಡಬೇಕು. ಇದನ್ನು ಕೇಳುವ ಹಕ್ಕು ನಮಗಿದೆ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದು ಕಡಿಮೆಯೇನಿಲ್ಲ. ಕೂಸಿಗೆ ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ನಾಯಿಕೆಮ್ಮಿನ ಭಾಗವಿದೆ, ಅದು ಉಚಿತ. ಚುಚ್ಚಿದ ರಾತ್ರಿ ಜ್ವರ ಬರಬಹುದು, ತೊಡೆ ಊದಬಹುದು. ಅದು ಒಂದೆರಡು ದಿನದ ಮಾತು. ಆ ಜ್ವರಕ್ಕೆ ಹೆದರಿ ಮುಂದಿನ ತಿಂಗಳಿಗೆ ನೋಡೋಣ ಎಂದು ಅಜ್ಜಿ ಹೇಳಿದರೆ ಈ ಅಧ್ಯಾಯವನ್ನು ಅವರಿಗೆ ಓದಿ ಹೇಳಿ. ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ಬಂದವರಿಂದ ಒಂದು ಚಮಚ ಹಾಲು ಕೊಂಡು ಕೂಸಿಗೆ ಕುಡಿಸಬೇಡಿ. ಅದರಿಂದ ಈ ನಂಜು ಇಳಿಯುವುದಿಲ್ಲ, ಹಸಿ ಹಾಲಿನಿಂದ ಬೇರೆ ಸೋಂಕು ತಗುಲುವ ಭಯವಿದೆ. ವರ್ಷ ತುಂಬದ ಮಗುವಿಗೆ ಕೆಮ್ಮಿಗೆಂದು ಜೇನು ನೆಕ್ಕಿಸುವುದೂ ಅಪಾಯ. ಕೆಮ್ಮಿರುವ ಬಂಧುಗಳು ಎಷ್ಟೇ ಹತ್ತಿರದವರಾಗಿರಲಿ, ಬಾಣಂತಿಯ ಕೋಣೆಗೆ ಬರುವುದನ್ನು ತಡೆಯಿರಿ. ಅವರಿಗೆ ಬೇಸರವಾದರೆ ಆಗಲಿ.

ಮನೆಯಲ್ಲಿ ಯಾರಿಗಾದರೂ ವಾರಗಳಿಂದ ಕೆಮ್ಮಿದ್ದು, ಎರಡು ತಿಂಗಳ ಕೂಸಿಗೆ ನೆಗಡಿಯಾಗಿ ಮೊಲೆ ಹಿಡಿಯುವುದು ಕಡಿಮೆಯಾದರೆ, ಕ್ಷಣಕಾಲವಾದರೂ ಉಸಿರು ನಿಂತಂತಾದರೆ, ತುಟಿ ನೀಲಿಯಾದರೆ, ಕೆಮ್ಮು ಕೇಳಿಸುತ್ತಿಲ್ಲವಲ್ಲ ಎಂದು ಕಾಯಬೇಡಿ. ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ. ಮನೆಯವರ ಕೆಮ್ಮಿನ ವಿಷಯವನ್ನು ವೈದ್ಯರಿಗೆ ಮೊದಲು ಹೇಳಿ.